ಹೈಲ್ಯಾಂಡ್ ಗೇಮ್ಸ್ ಹೆವಿ ಈವೆಂಟ್ಸ್: ವಾರದಲ್ಲಿ ಜಿಮ್ ಎಷ್ಟು, ಎಸೆತ ಎಷ್ಟು?

ಗುಂಡುಕಲ್ಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪವರ್‌ಲಿಫ್ಟಿಂಗ್ ಕಡೆಯಿಂದ ಸ್ಕಾಟಿಷ್ ಹೆವಿ ಈವೆಂಟ್ಸ್‌ಗೆ (ಹೈಲ್ಯಾಂಡ್ ಗೇಮ್ಸ್‌ನ ಭಾರ ಎಸೆಯುವ ಸ್ಪರ್ಧೆಗಳು) ಬಂದವರು ವಾರವನ್ನು ಹೇಗೆ ಹಂಚಿಕೊಳ್ಳಬೇಕು ಅನ್ನೋದು ನನ್ನ ಪ್ರಶ್ನೆ. ಗುರಿ ಸ್ಕಾಟ್ಲೆಂಡಿನ ಬೇಸಿಗೆ ಸೀಸನ್, ಅಂದರೆ ಮೇನಿಂದ ಸೆಪ್ಟೆಂಬರ್‌ವರೆಗೆ. ಈವೆಂಟ್‌ಗಳು ಮಾಮೂಲಿನವೇ: ಸ್ಟೋನ್ (ಕಲ್ಲು ಎಸೆತ), 28 ಮತ್ತು 56 ಪೌಂಡ್ ತೂಕದ ದೂರ ಎಸೆತ, 16 ಮತ್ತು 22 ಪೌಂಡ್ ಹ್ಯಾಮರ್ (ಉದ್ದ ಹಿಡಿಕೆಯ ತುದಿಗೆ ಗುಂಡು), ಕೇಬರ್ (ಎತ್ತಿ ಮಗುಚಿ ಹಾಕುವ ಉದ್ದ ಮರದ ತೊಲೆ), 56 ಪೌಂಡ್ ಎತ್ತರ ಎಸೆತ.

ಈಗ ಸ್ಕ್ವಾಟ್ 190 ಕೆಜಿ, ಡೆಡ್‌ಲಿಫ್ಟ್ 230, ಬೆಂಚ್ 140. ಸೋಮವಾರ ಸ್ಕ್ವಾಟ್, ಮಂಗಳವಾರ ಬೆಂಚ್, ಗುರುವಾರ ಓವರ್‌ಹೆಡ್ ಪ್ರೆಸ್, ಶುಕ್ರವಾರ ಡೆಡ್‌ಲಿಫ್ಟ್. ಶನಿವಾರ ಬೆಳಗ್ಗೆ ಎಲ್ಲ ಈವೆಂಟ್‌ಗಳೂ ಒಟ್ಟಿಗೆ. ಎತ್ತರ ಎಸೆತ ಪರವಾಗಿಲ್ಲ. ಹ್ಯಾಮರ್ ಮತ್ತು 28 ಪೌಂಡ್ ಮಾತ್ರ ಇದ್ದಲ್ಲೇ ಇವೆ. ಭಾನುವಾರ, ಸೋಮವಾರ ಸೊಂಟ ಬಗ್ಗಿಸಲಿಕ್ಕೇ ಆಗದಷ್ಟು ಬಿಗಿ.

ವಾರಕ್ಕೆ ಐದು ದಿನ ಸಮಯ ಕೊಡಬಹುದು. ಜಿಮ್ ಮತ್ತು ಎಸೆತ ಒಂದೇ ದಿನ ಮಾಡಬಹುದಾ? ಮಾಡಿದರೆ ಯಾವುದು ಮೊದಲು? ಒಂದು ಸಲಕ್ಕೆ 56 ಪೌಂಡನ್ನು ಎಷ್ಟು ಸಲ ಎಸೆಯುವುದು ಸರಿ? ಸೀಸನ್ ಹತ್ತಿರ ಬಂದಾಗ ಯಾವ ಲಿಫ್ಟ್ ಬಿಡಬೇಕು?

---

ಕಬ್ಬಿಣದಬಳೆ

ಶುಕ್ರವಾರ ಡೆಡ್‌ಲಿಫ್ಟ್, ಶನಿವಾರ ಎಸೆತ: ತೊಂದರೆಯ ಅರ್ಧ ಇಲ್ಲೇ ಇದೆ. ಇನ್ನರ್ಧ ಇರುವುದು ಎಸೆತವನ್ನು ಭಾರ ಅಂತ ಲೆಕ್ಕಕ್ಕೆ ಹಿಡಿಯದೆ ಇರುವುದರಲ್ಲಿ. ಜಿಮ್‌ನಲ್ಲಿ ಎತ್ತಿದ ಪ್ರತಿ ಕಿಲೋವನ್ನೂ ಡೈರಿಯಲ್ಲಿ ಬರೆಯುವವರು ಮೈದಾನದ ಕೆಲಸವನ್ನು ‘ಪ್ರಾಕ್ಟೀಸ್’ ಅಂತ ಒಂದೇ ಮಾತಲ್ಲಿ ಬರೆದು ಮುಗಿಸುತ್ತಾರೆ.

ಲೆಕ್ಕ ಹಾಕಿ ನೋಡಿ. 56 ಪೌಂಡ್ ಅಂದರೆ 25.4 ಕೆಜಿ. ಬಿಡುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 8 ಮೀಟರ್, ನೀವು ತಿರುಗುವ ಅಕ್ಷದಿಂದ ಅದಕ್ಕಿರುವ ದೂರ ಒಂದೂವರೆ ಮೀಟರ್ ಅಂತ ಇಟ್ಟುಕೊಳ್ಳೋಣ. 25.4 × 64 ÷ 1.5, ಸುಮಾರು 1,080 ನ್ಯೂಟನ್. ಒಂದೇ ಕೈಗೆ 110 ಕೆಜಿ ಜೋತುಬಿದ್ದಷ್ಟು ಎಳೆತ, ಅದೂ ಸೊಂಟ ತಿರುಚಿರುವಾಗ, ಪಾದ ಮಗ್ಗುಲಾಗಿರುವಾಗ. ಇಂಥವು 20 ಆದರೆ ಬೆನ್ನಿನ ಕೆಳಭಾಗ, ಹಿಡಿತ, ತೊಡೆಸಂದು ಮೂರಕ್ಕೂ ಅದು ಭಾರದ ದಿನವೇ. ಹಿಂದಿನ ದಿನ ಡೆಡ್‌ಲಿಫ್ಟ್ ಆಗಿದ್ದರೆ ನೀವು ಮಾಡುತ್ತಿರುವುದು ಎರಡು ಬೆನ್ನಿನ ದಿನ ಬೆನ್ನುಬೆನ್ನಿಗೆ.

ಹಾಗಾಗಿ ಪೂರ್ತಿ ಬಲದ ಎಸೆತಗಳನ್ನು ರೆಪ್ (ಜಿಮ್‌ನಲ್ಲಿ ಒಂದು ಸಲ ಎತ್ತುವುದು) ಎಣಿಸಿದ ಹಾಗೇ ಎಣಿಸಿ. ಒಂದು ಅವಧಿಗೆ ನಾನು ಹಾಕುವ ಮಿತಿ ಹೀಗೆ: 56 ಪೌಂಡ್ ದೂರ 6ರಿಂದ 8, 28 ಪೌಂಡ್ 10ರಿಂದ 12, 16 ಪೌಂಡ್ ಹ್ಯಾಮರ್ 12ರಿಂದ 15, 22 ಪೌಂಡ್ ಹ್ಯಾಮರ್ 6ರಿಂದ 8, ಸ್ಟೋನ್ 15ರಿಂದ 20, ಎತ್ತರ ಎಸೆತ 8ರಿಂದ 10, ಕೇಬರ್ 4ರಿಂದ 6. ಡ್ರಿಲ್, ಅರ್ಧ ಬಲದ ಎಸೆತ ಇದರಲ್ಲಿ ಸೇರಿಲ್ಲ. ಇಷ್ಟನ್ನೂ ಒಂದೇ ಬೆಳಗ್ಗೆ ಮಾಡುವುದು ಅಂತಲ್ಲ. ಒಂದು ಅವಧಿಗೆ ಎರಡು ಈವೆಂಟ್, ಹೆಚ್ಚೆಂದರೆ ಮೂರು. ಎಲ್ಲವನ್ನೂ ಶನಿವಾರವೇ ಎಸೆದರೆ ನಾಲ್ಕನೇ ಈವೆಂಟ್‌ನಿಂದ ಆಚೆಗೆ ನೀವು ಕಲಿಯುವುದು ಸುಸ್ತಾದಾಗಿನ ತಪ್ಪು ಚಲನೆಯನ್ನೇ. ಬಹುಶಃ ಹ್ಯಾಮರ್ ನಿಮ್ಮ ಪಟ್ಟಿಯ ಕೊನೆಯಲ್ಲಿರುತ್ತದೆ, ಅಲ್ಲವೇ?

ಒಂದೇ ದಿನ ಎರಡೂ ಮಾಡಬಹುದು, ಮಾಡುವುದೇ ಒಳ್ಳೆಯದು. ಎಸೆತ ಮೊದಲು, ಜಿಮ್ ಆಮೇಲೆ. ಸುಸ್ತಾದ ಕಾಲಲ್ಲಿ ಸ್ಕ್ವಾಟ್ ಮಾಡಿದರೆ ಬಾರ್‌ನಿಂದ ಐದು ಕಿಲೋ ಕಡಿಮೆಯಾಗುತ್ತದೆ, ಅಷ್ಟೇ. ಸುಸ್ತಾದ ಕಾಲಲ್ಲಿ ತಿರುಗಿದರೆ ಪಾದ ತಡವಾಗಿ ಬೀಳುತ್ತದೆ, ತೂಕ ದೇಹವನ್ನು ದಾಟಿ ಮುಂದೆ ಹೋಗುತ್ತದೆ, ಕೊನೆಯಲ್ಲಿ ಕೈಯಿಂದ ಎಳೆಯಬೇಕಾಗುತ್ತದೆ. ಕಷ್ಟದ ಕೆಲಸಗಳನ್ನು ಒಂದೇ ದಿನಕ್ಕೆ ತುಂಬಿದರೆ ರಜೆಯ ದಿನ ನಿಜವಾದ ರಜೆಯಾಗಿ ಉಳಿಯುತ್ತದೆ.

ಮಾರ್ಚ್, ಏಪ್ರಿಲ್‌ನಲ್ಲಿ ವಾರ ಹೀಗಿರಲಿ:

ಸೋಮವಾರ: ಹ್ಯಾಮರ್, ಸ್ಟೋನ್. ಆಮೇಲೆ ಪವರ್ ಕ್ಲೀನ್ (ಬಾರನ್ನು ನೆಲದಿಂದ ಒಂದೇ ಸಲಕ್ಕೆ ಹೆಗಲಿಗೆ ಎತ್ತುವುದು) 5 ಸೆಟ್ × 2 ರೆಪ್, ಸ್ಕ್ವಾಟ್ 4 × 4, ಗರಿಷ್ಠದ 75–80 ಶೇಕಡಾ.
ಬುಧವಾರ: ಜಿಮ್ ಮಾತ್ರ. ಪುಶ್ ಪ್ರೆಸ್ (ಕಾಲಿನ ನೂಕಿನಿಂದ ಬಾರನ್ನು ತಲೆಯ ಮೇಲೆತ್ತುವುದು) 5 × 3, ಇನ್‌ಕ್ಲೈನ್ ಪ್ರೆಸ್ 3 × 6, ಎದೆ ಆನಿಸಿ ಮಾಡುವ ರೋ (ತೂಕವನ್ನು ದೇಹದ ಕಡೆಗೆ ಎಳೆಯುವುದು) 4 × 8, ಪುಲ್‌ಅಪ್.
ಗುರುವಾರ: 28, ಆಮೇಲೆ 56 ದೂರ, ಎತ್ತರ ಎಸೆತ. ಆಮೇಲೆ ಡೆಡ್‌ಲಿಫ್ಟ್ 3 × 3, 75 ಶೇಕಡಾ ದಾಟದೆ, ಬಾರ್ ವೇಗವಾಗಿ ಮೇಲೆ ಬರುವಂತೆ.
ಶನಿವಾರ: ಎಸೆತ ಮಾತ್ರ. ಹ್ಯಾಮರ್ ಮತ್ತೊಮ್ಮೆ, 28 ಪೌಂಡ್ 6 ಎಸೆತ, ಒಂದು ವಾರ ಬಿಟ್ಟು ಒಂದು ವಾರ ಕೇಬರ್.

ಇದು ನಾಲ್ಕೇ ದಿನ. ಐದನೆಯದನ್ನು ಖಾಲಿ ಬಿಡಿ.

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಅನುಪಾತ ತಿರುಗಿಸಿ: ಮೂರು ಜಿಮ್, ಒಂದು ಎಸೆತ, ಜೊತೆಗೆ ಮನೆಯೊಳಗೆ ಹತ್ತು ನಿಮಿಷದ ಪಾದದ ಡ್ರಿಲ್. ಸ್ಕಾಟ್ಲೆಂಡಿನಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು, ಹುಲ್ಲು ಸದಾ ಒದ್ದೆ. ಬಲ ಕಟ್ಟಿಕೊಳ್ಳಬೇಕಾದ್ದು ಆಗಲೇ. ಆದರೆ ಎಸೆತವನ್ನು ಪೂರ್ತಿ ನಿಲ್ಲಿಸಬೇಡಿ. ಐದು ತಿಂಗಳು ತಿರುಗದೆ ಇದ್ದು ಮಾರ್ಚ್‌ನಲ್ಲಿ ಒಮ್ಮೆಲೇ 56 ಹಿಡಿದರೆ ತೊಡೆಸಂದಿನ ಸ್ನಾಯು ಹಿಡಿದುಕೊಳ್ಳುವುದು ಬಹುತೇಕ ಖಚಿತ.

ನಿಮ್ಮ ಕೊನೆಯ ಪ್ರಶ್ನೆಗೆ: ಫ್ಲಾಟ್ ಬೆಂಚ್ ಮೊದಲು ಹೋಗಲಿ. ಆಮೇಲೆ ಮೂರು ರೆಪ್‌ಗಿಂತ ಕಡಿಮೆಯ ಸ್ಕ್ವಾಟ್, ಡೆಡ್‌ಲಿಫ್ಟ್. ಪವರ್ ಕ್ಲೀನ್ ಮತ್ತು ಪುಶ್ ಪ್ರೆಸ್ ಸೆಪ್ಟೆಂಬರ್‌ವರೆಗೂ ಇರಲಿ.

---

ಹ್ಯಾಮರ್‌ಪ್ರಿಯ

ಕಬ್ಬಿಣದಬಳೆಯವರ ಮಾತಿಗೆ ನನ್ನ ಸಹಮತ ಇದೆ. ಹ್ಯಾಮರ್ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜಿಮ್‌ನ ಬಲ ಅತಿ ಕಡಿಮೆ ನೆರವಾಗುವುದು ಇಲ್ಲೇ, ಜಿಮ್‌ನ ಬಿಗಿತ ಅತಿ ಹೆಚ್ಚು ಕೆಡಿಸುವುದೂ ಇಲ್ಲೇ.

ಒಲಿಂಪಿಕ್ ಹ್ಯಾಮರ್‌ನಂತೆ ಇಲ್ಲಿ ತಿರುಗುವ ಹಾಗಿಲ್ಲ. ಎಸೆಯುವ ದಿಕ್ಕಿಗೆ ಬೆನ್ನು ಮಾಡಿ, ಬೂಟಿನ ತುದಿಯಿಂದ ಚಾಚಿರುವ ಬ್ಲೇಡನ್ನು ನೆಲಕ್ಕೆ ಊರಿ, ಹ್ಯಾಮರ್ ಕೈಬಿಡುವ ತನಕ ಪಾದ ಕದಲಿಸದೆ ನಿಲ್ಲಬೇಕು. ವೇಗ ಹುಟ್ಟುವುದೆಲ್ಲ ತಲೆಯ ಸುತ್ತ ಬೀಸುವ ಸುತ್ತುಗಳಲ್ಲಿ. ಬಲಗೈಯವರಿಗೆ ಹ್ಯಾಮರ್‌ನ ಅತಿ ತಗ್ಗಿನ ಬಿಂದು ಬಲಪಾದದ ಕಡೆಗೆ ಬೀಳಬೇಕು. ಅದು ಎಡಕ್ಕೆ ಸರಿದರೆ ಎಳೆಯಲು ಸಿಗುವ ದಾರಿ ಮೊಟಕಾಗುತ್ತದೆ, ದೂರ ಅಲ್ಲೇ ಕಳೆದುಹೋಗುತ್ತದೆ.

ಅದು ಎಡಕ್ಕೆ ಸರಿಯುವುದು ಯಾಕೆ ಅಂತ ನೋಡಿ. ಹ್ಯಾಮರ್ ತಲೆಯ ಹಿಂದೆ ಹೋದಾಗ ಭುಜ ಬಲಕ್ಕೆ ತಿರುಗಿ ಅದನ್ನು ಬೇಗ ಹಿಡಿಯಬೇಕು. ಹಿಂದಿನ ದಿನ ಭಾರದ ರೋ, ಡೆಡ್‌ಲಿಫ್ಟ್ ಆಗಿದ್ದರೆ ಪಕ್ಕೆಯ ಸ್ನಾಯು ಮತ್ತು ಬೆನ್ನಿನ ರೆಕ್ಕೆ ಬಿಗಿದಿರುತ್ತವೆ. ಕೈ ಪೂರ್ತಿ ಚಾಚುವುದಿಲ್ಲ, ಮೊಣಕೈ ಮಡಚುತ್ತದೆ, ಸುತ್ತಿನ ತ್ರಿಜ್ಯ ಕುಗ್ಗುತ್ತದೆ. ಬಲ ಇರುವವರು ಆಗ ಕೈಯಿಂದ ಇನ್ನೂ ಜೋರಾಗಿ ಎಳೆಯುತ್ತಾರೆ. ಜೋರಾಗಿ ಎಳೆದಷ್ಟೂ ಮೊಣಕೈ ಇನ್ನೂ ಮಡಚುತ್ತದೆ. ನಿಮ್ಮ ಹ್ಯಾಮರ್ ಇದ್ದಲ್ಲೇ ಇರುವುದಕ್ಕೆ ಇದೇ ಕಾರಣ ಅಂತ ನನ್ನ ಅಂದಾಜು. ಪಕ್ಕದಿಂದ ವಿಡಿಯೋ ತೆಗೆದು, ಹ್ಯಾಮರ್ ಕೆಳಗಿಳಿಯುವಾಗ ಎರಡೂ ಮೊಣಕೈ ನೆಟ್ಟಗಿವೆಯೇ ಅಂತ ನೋಡಿದರೆ ಗೊತ್ತಾಗುತ್ತದೆ.

ಸರಿಪಡಿಸುವುದಕ್ಕೆ ಮೂರು ವಾರ 22 ಪೌಂಡನ್ನು ಪಕ್ಕಕ್ಕಿಡಿ. 12 ಪೌಂಡ್ ಹ್ಯಾಮರ್ ಸಿಕ್ಕರೆ ಅದನ್ನೇ ಹಿಡಿಯಿರಿ. ಮೊದಲು ಎಸೆಯದೆ ಬರೀ ಸುತ್ತು: ನಾಲ್ಕು ನಿಧಾನ ಸುತ್ತು, ನಿಲ್ಲಿಸುವುದು, ಹೀಗೆ 6 ಸಲ. ಆಮೇಲೆ ಎರಡು ಸುತ್ತು ಸುತ್ತಿ ಅರ್ಧ ಬಲದಲ್ಲಿ 6 ಎಸೆತ. ಕೊನೆಗೆ 16 ಪೌಂಡ್‌ನಲ್ಲಿ ಪೂರ್ತಿ 8. ಮೊದಲ ಸುತ್ತನ್ನು ಬೇಕೆಂದೇ ನಿಧಾನ ಮಾಡಿ. ಮೊದಲ ಸುತ್ತಿಗೇ ಪೂರ್ತಿ ವೇಗ ಕೊಟ್ಟುಬಿಟ್ಟರೆ ಕೊನೆಯ ಸುತ್ತಿನಲ್ಲಿ ಸೇರಿಸಲಿಕ್ಕೆ ಏನೂ ಉಳಿಯುವುದಿಲ್ಲ.

ಹಿಡಿತದ ವಿಷಯ. ಹಿಡಿಕೆಗೆ ರಾಳ ಹಚ್ಚುವುದರಿಂದ ಬೆರಳು ಜಾರುವುದಿಲ್ಲ ನಿಜ, ಆದರೆ ಮುಂಗೈ ಸೋತಿದ್ದರೆ ರಾಳ ಏನೂ ಮಾಡಲಾರದು. ಹಿಡಿತದ ವ್ಯಾಯಾಮಗಳನ್ನು ಎಸೆತದ ಹಿಂದಿನ ದಿನ ಇಟ್ಟುಕೊಳ್ಳಲೇಬೇಡಿ. ಸೀಸನ್ ಹೊತ್ತಿಗೆ ಡೆಡ್‌ಲಿಫ್ಟ್, ರೋ ಎಲ್ಲಕ್ಕೂ ಸ್ಟ್ರಾಪ್ (ಮಣಿಕಟ್ಟನ್ನು ಬಾರ್‌ಗೆ ಸುತ್ತುವ ಪಟ್ಟಿ) ಕಟ್ಟಿಕೊಳ್ಳಿ. ಹಿಡಿತಕ್ಕೆ ಬೇಕಾದ ಕೆಲಸ ಹ್ಯಾಮರ್ ಮತ್ತು 56 ಪೌಂಡ್‌ನಿಂದಲೇ ಆಗುತ್ತದೆ.

---

ಮರದತೊಲೆ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಎಸೆತ ಮುಗಿಸಿ ಅದೇ ದಿನ ಜಿಮ್ ಅಂದರೆ ವಾರ್ಮಪ್ ಸೇರಿ ಎರಡೂವರೆ ಗಂಟೆ ಬೇಕು. ಕೆಲಸ ಮುಗಿಸಿ ಬರುವವರಿಗೆ ಇದು ಆಗುವುದಿಲ್ಲ. ಅವಸರದಲ್ಲಿ ಎಸೆತವನ್ನೇ ಮೊಟಕು ಮಾಡಿ ಜಿಮ್‌ಗೆ ಓಡುತ್ತಾರೆ. ಅಂಥವರು ದಿನಗಳನ್ನು ಬೇರೆ ಮಾಡಿಕೊಂಡರೂ ತಪ್ಪಿಲ್ಲ, ಒಂದು ಷರತ್ತಿನ ಮೇಲೆ: ಬೆನ್ನಿಗೆ ಭಾರ ಕೊಡುವ ಲಿಫ್ಟ್‌ಗೂ ತೂಕ ಅಥವಾ ಹ್ಯಾಮರ್ ಎಸೆತಕ್ಕೂ ನಡುವೆ 48 ಗಂಟೆ ಇರಬೇಕು. ಪುಶ್ ಪ್ರೆಸ್, ಇನ್‌ಕ್ಲೈನ್ ಹಿಂದಿನ ದಿನ ಮಾಡಿದರೆ ನಡೆಯುತ್ತದೆ, ಮರುದಿನ ಸ್ಟೋನ್ ಇಲ್ಲದಿದ್ದರೆ.

ಕೇಬರ್‌ಗೆ ಬರೋಣ. ಬಲ ಇದ್ದವರು ಇದನ್ನು ಬಲದ ಪರೀಕ್ಷೆ ಅಂದುಕೊಳ್ಳುತ್ತಾರೆ. ತೂಕಕ್ಕಿಂತ ಉದ್ದ ಹೆಚ್ಚು ಕಾಡುತ್ತದೆ. ಸ್ಕಾಟ್ಲೆಂಡಿನ ಬ್ರೇಮಾರ್ ಊರಿನ ಹೆಸರಾಂತ ಕೇಬರ್ 19 ಅಡಿಗೂ ಹೆಚ್ಚು ಉದ್ದದ್ದು. ಉದ್ದ ಹೆಚ್ಚಿದಷ್ಟೂ ತುದಿ ನಿಧಾನವಾಗಿ ಬೀಳುತ್ತದೆ, ಕಾಯುವ ತಾಳ್ಮೆ ಬೇಕು. ಕುಕ್ಕರಗಾಲಲ್ಲಿ ಕೂತು, ಬೆರಳು ಹೆಣೆದು, ಅಂಗೈಗಳನ್ನು ಬುಡದ ಕೆಳಗೆ ತೂರಿಸಿ, ತೊಲೆಯನ್ನು ಹೆಗಲಿಗೂ ಕತ್ತಿಗೂ ಒತ್ತಿ ಹಿಡಿದು ಏಳಬೇಕು. ಎದ್ದ ಮೇಲೆ ತೂಗಾಟ ನಿಲ್ಲುವ ತನಕ ಅಲುಗಬಾರದು. ಆಮೇಲೆ ಕೆಲವು ಹೆಜ್ಜೆ ಓಟ, ಗಟ್ಟಿ ನಿಲುಗಡೆ. ನಿಂತೊಡನೆ ಎಳೆಯುವುದೇ ದೊಡ್ಡ ತಪ್ಪು. ನಿಂತ ಮೇಲೆ ತುದಿ ಮುಂದಕ್ಕೆ ವಾಲಬೇಕು, ವಾಲಿದ್ದು ಕಣ್ಣಿಗೆ ಕಂಡ ಮೇಲೆ ಸೊಂಟ ಮುಂದೂಡಿ ಬುಡವನ್ನು ಮೇಲಕ್ಕೆ ಎಳೆಯಬೇಕು. ಮುಂಚೆ ಎಳೆದರೆ ತೊಲೆ ಮಗುಚುವುದಿಲ್ಲ, ನಿಮ್ಮ ಕಡೆಗೇ ವಾಪಸ್ ಬರುತ್ತದೆ. ಅಂಕ ಗಡಿಯಾರದ ಮುಳ್ಳಿನಂತೆ: ಮಗುಚಿ ನಿಮ್ಮ ಓಟದ ನೇರಕ್ಕೆ 12 ಗಂಟೆಗೆ ಬಿದ್ದರೆ ಪೂರ್ಣ.

ಇದಕ್ಕೆ ಜಿಮ್‌ನಲ್ಲಿ ಬೇಕಾದ್ದು ಫ್ರಂಟ್ ಸ್ಕ್ವಾಟ್ (ಬಾರ್ ಹೆಗಲ ಮುಂಭಾಗದಲ್ಲಿಟ್ಟು ಮಾಡುವುದು), ಕ್ಲೀನ್ ಪುಲ್ (ಬಾರನ್ನು ಹೆಗಲಿಗೇರಿಸದೆ ಜೋರಾಗಿ ಮೇಲಕ್ಕೆಳೆಯುವುದು). ಅಭ್ಯಾಸಕ್ಕೆ 14–15 ಅಡಿಯ, 60–80 ಪೌಂಡಿನ ಹಗುರ ತೊಲೆ ಇಟ್ಟುಕೊಳ್ಳಿ. ಬರೀ ಎತ್ತಿ, ನಿಲ್ಲಿಸಿ, ಹತ್ತು ಹೆಜ್ಜೆ ನಡೆದು ಇಳಿಸುವುದೇ 4 ಸಲ. ಎಸೆಯುವ ದಿನ ಇದು ವಾರ್ಮಪ್ ಕೂಡ ಆಗುತ್ತದೆ. ಅಕ್ಕಪಕ್ಕ ಯಾರೂ ನಿಂತಿರಬಾರದು. ತೊಲೆ ಕೈ ಮೀರಿದರೆ ಹಿಡಿಯಲು ಹೋಗದೆ ಬಿಟ್ಟು ಸರಿಯಬೇಕು.

ಇನ್ನೊಂದು ಗಂಭೀರ ವಿಷಯ, ಬೈಸೆಪ್ಸ್. ಪವರ್‌ಲಿಫ್ಟಿಂಗ್‌ನವರು ಒಂದು ಅಂಗೈ ಮುಂದೆ, ಒಂದು ಹಿಂದೆ ಮಾಡಿ ಡೆಡ್‌ಲಿಫ್ಟ್ ಮಾಡುತ್ತಾರೆ. ಮುಂದಕ್ಕೆ ತೆರೆದ ಕೈಯ ಬೈಸೆಪ್ಸ್ ಸ್ನಾಯುರಜ್ಜು ಆಗಲೇ ಎಳೆದುಹೋಗಿರುತ್ತದೆ. ಅದರ ಮೇಲೆ ಕೇಬರ್ ಎಳೆತ, ಮಡಚಿದ ಮೊಣಕೈಯ 56 ಪೌಂಡ್ ಎತ್ತರ ಎಸೆತ ಬಿದ್ದರೆ ಹರಿಯುವ ಅಪಾಯ ಇದೆ. ಇವತ್ತಿನಿಂದಲೇ ಎರಡೂ ಅಂಗೈ ದೇಹದ ಕಡೆ ಇರುವ ಹಿಡಿತಕ್ಕೆ ಬದಲಿಸಿ, ಬೇಕಿದ್ದರೆ ಸ್ಟ್ರಾಪ್. ಎತ್ತರ ಎಸೆತದಲ್ಲಿ ಕೈ ಬರೀ ಹಗ್ಗ ಅಂತ ತಿಳಿಯಿರಿ. ಕಾಲುಗಳ ನಡುವಿಂದ ತೂಗಿ ಬಂದ ತೂಕವನ್ನು ಮೇಲಕ್ಕೆ ಕಳಿಸುವುದು ಸೊಂಟ ಮತ್ತು ಕಾಲು.

ಸ್ಟೋನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರೇಮಾರ್ ಶೈಲಿಯಲ್ಲಿ ನಿಂತಲ್ಲಿಂದಲೇ ಹಾಕಬೇಕು, ಓಪನ್ ಶೈಲಿಯಲ್ಲಿ ಗ್ಲೈಡ್ (ಹಿಮ್ಮುಖವಾಗಿ ಜಾರಿ ಬರುವುದು) ಅಥವಾ ಸ್ಪಿನ್ (ತಿರುಗಿ ಬರುವುದು) ಮಾಡಬಹುದು. ಕಲ್ಲಿನ ಆಕಾರ ಊರಿಂದೂರಿಗೆ ಬೇರೆ, ಆದ್ದರಿಂದ ನುಣುಪಾದ ಕಬ್ಬಿಣದ ಗುಂಡಿನಲ್ಲಷ್ಟೇ ಅಭ್ಯಾಸ ಮಾಡಿದವರ ಬೆರಳು ಅಲ್ಲಿ ತಡಕಾಡುತ್ತವೆ. ಹೊಳೆಕಲ್ಲು ಎರಡು ಮೂರು ಬಗೆಯವು ಇಟ್ಟುಕೊಳ್ಳಿ.

ಕೊನೆಯದಾಗಿ, ನಿಮ್ಮ ಸ್ಕ್ವಾಟ್ 190 ಇದೆ. ಅದನ್ನು 210 ಮಾಡುವ ಶ್ರಮವನ್ನು ಪಾದದ ಕೆಲಸಕ್ಕೆ ಹಾಕಿದರೆ 28 ಪೌಂಡ್ ಹೆಚ್ಚು ದೂರ ಹೋಗುತ್ತದೆ. ಬ್ರಿಟನ್ನಿನ ಶಾಟ್‌ಪುಟ್ ಎಸೆತಗಾರ ಜೆಫ್ ಕೇಪ್ಸ್ ಹೈಲ್ಯಾಂಡ್ ಗೇಮ್ಸ್‌ಗೆ ಬಂದು ಗೆದ್ದದ್ದನ್ನು ನೋಡಿ. ಬಲವೂ ಇತ್ತು, ಆದರೆ ಅವರು ಬರುವಾಗಲೇ ಎಸೆಯುವುದನ್ನು ಕಲಿತು ಬಂದಿದ್ದರು.

---

ಗುಂಡುಕಲ್ಲು

ಎಲ್ಲರಿಗೂ ತುಂಬಾ ಧನ್ಯವಾದ. ಹ್ಯಾಮರ್ ನಿಜವಾಗಿಯೂ ಪಟ್ಟಿಯ ಕೊನೆಯಲ್ಲೇ ಇತ್ತು. ಡೆಡ್‌ಲಿಫ್ಟ್ ಹಿಡಿತ ಇವತ್ತೇ ಬದಲಿಸುತ್ತೇನೆ.

ಇನ್ನೆರಡು ಅನುಮಾನ. ಜುಲೈ, ಆಗಸ್ಟ್‌ನಲ್ಲಿ ಪ್ರತಿ ಶನಿವಾರ ಒಂದಲ್ಲ ಒಂದು ಊರಲ್ಲಿ ಗೇಮ್ಸ್ ಇರುತ್ತದೆ. ಸತತವಾಗಿ ಸ್ಪರ್ಧಿಸುವಾಗ ವಾರದ ನಡುವೆ ಏನು ಮಾಡಬೇಕು? ಮತ್ತು 28 ಪೌಂಡ್ ತಿರುಗುವಾಗ ಎರಡನೇ ಸುತ್ತಿನಲ್ಲಿ ಟ್ರಿಗ್ (ಎಸೆಯುವ ಜಾಗದ ಮುಂದಿನ ಅಂಚಿನ ಮರದ ತಡೆ) ಕಡೆಗೆ ಮುಗ್ಗರಿಸುತ್ತಿದ್ದೇನೆ. ಇದು ಕಾಲಿನ ಬಲದ ಕೊರತೆಯೇ?

---

ಕಬ್ಬಿಣದಬಳೆ

ಎರಡನೆಯದು ಮೊದಲು. 190 ಸ್ಕ್ವಾಟ್ ಮಾಡುವವರಿಗೆ 28 ಪೌಂಡ್ ತಡೆಯುವಷ್ಟು ಕಾಲಿನ ಬಲ ಇಲ್ಲ ಅನ್ನುವ ಮಾತೇ ಇಲ್ಲ. ಓಡುವ ಜಾಗದ ಉದ್ದ 9 ಅಡಿ. ಮೊದಲ ಸುತ್ತಿನಲ್ಲೇ ಅದರ ಮುಕ್ಕಾಲು ಪಾಲು ತಿಂದುಬಿಟ್ಟರೆ ಎರಡನೆಯದಕ್ಕೆ ಜಾಗ ಉಳಿಯುವುದಿಲ್ಲ, ಟ್ರಿಗ್ ಮರಕ್ಕೆ ಕಾಲು ತಾಗುವ ಭಯಕ್ಕೆ ದೇಹ ತಾನಾಗಿ ಹಿಂಜರಿಯುತ್ತದೆ. ನೆಲದಲ್ಲಿ ಸುಣ್ಣದಿಂದ 9 ಅಡಿ ಗೆರೆ ಹಾಕಿ, ನಾಲ್ಕೂವರೆ ಅಡಿಗೆ ಇನ್ನೊಂದು ಗೆರೆ. ತೂಕ ಇಲ್ಲದೆ ತಿರುಗಿ, ಮೊದಲ ಸುತ್ತಿನ ಕೊನೆಗೆ ಬಲಪಾದ ಆ ನಡುಗೆರೆಯ ಆಸುಪಾಸಿನಲ್ಲೇ ಬೀಳುವಂತೆ ಅಭ್ಯಾಸ ಮಾಡಿ. ಬಲಪಾದ ಬಿದ್ದಮೇಲೆ ಎಡಪಾದ ತಕ್ಷಣ ಬೀಳಬೇಕು, ತಡವಾದರೆ ಮುಗ್ಗರಿಕೆ. ಆಮೇಲೆ 14 ಪೌಂಡ್, ಆಮೇಲೆ 28. ತಲೆಯನ್ನು ಎಸೆಯುವ ದಿಕ್ಕಿಗೆ ಬೇಗ ತಿರುಗಿಸುತ್ತಿದ್ದೀರಾ ಅಂತಲೂ ನೋಡಿ. ತಲೆ ಮುಂದೆ ಹೋದರೆ ಭುಜ ಅದರ ಹಿಂದೆ, ತೂಕ ಎಲ್ಲಕ್ಕಿಂತ ಹಿಂದೆ ಅನ್ನುವ ಅಂತರ ಕಳೆದುಹೋಗುತ್ತದೆ.

ಸತತ ಶನಿವಾರಗಳ ವಿಷಯ. ಗೇಮ್ಸ್ ದಿನವೇ ವಾರದ ಅತಿ ಭಾರದ ದಿನ. ಏಳು ಈವೆಂಟ್, ಒಂದೊಂದಕ್ಕೂ ಮೂರು ಎಸೆತ ಅಂದರೆ ಪೂರ್ತಿ ಬಲದ 20ಕ್ಕೂ ಹೆಚ್ಚು, ಜೊತೆಗೆ ಪ್ರತಿ ಈವೆಂಟ್‌ನ ವಾರ್ಮಪ್. ಭಾನುವಾರ ನಡಿಗೆ, ಸೊಂಟ ಸಡಿಲಿಸುವುದು. ಸೋಮವಾರ ರಜೆ. ಮಂಗಳವಾರ ಪವರ್ ಕ್ಲೀನ್ 4 × 2, ಫ್ರಂಟ್ ಸ್ಕ್ವಾಟ್ 3 × 3 70 ಶೇಕಡಾದಲ್ಲಿ, ಪುಶ್ ಪ್ರೆಸ್ 3 × 3. ನಲವತ್ತೈದು ನಿಮಿಷದಲ್ಲಿ ಮುಗಿಯಬೇಕು. ಬುಧವಾರ ಕಳೆದ ಶನಿವಾರ ಕೈಕೊಟ್ಟ ಒಂದೇ ಒಂದು ಈವೆಂಟ್, 10 ಎಸೆತ, 80 ಶೇಕಡಾ ಬಲ. ಗುರು, ಶುಕ್ರ ಏನೂ ಬೇಡ. ಡೆಡ್‌ಲಿಫ್ಟ್ ಈ ತಿಂಗಳುಗಳಲ್ಲಿ ಇಲ್ಲದಿದ್ದರೂ ನಡೆಯುತ್ತದೆ, 56 ಪೌಂಡೇ ಆ ಕೆಲಸ ಮಾಡುತ್ತದೆ. ನಾಲ್ಕು ಶನಿವಾರ ಆದಮೇಲೆ ಒಂದು ಬಿಡಿ. ಆ ವಾರ ಮಾತ್ರ ಸ್ಕ್ವಾಟನ್ನು 80–85 ಶೇಕಡಾಕ್ಕೆ ಏರಿಸಿ 3 × 3 ಮಾಡಿದರೆ ಬಲ ಹೆಚ್ಚು ಇಳಿಯುವುದಿಲ್ಲ.

ಬ್ರೇಮಾರ್ ಗ್ಯಾದರಿಂಗ್‌ನಂಥ ಮುಖ್ಯ ಸ್ಪರ್ಧೆ (ಅದು ಸೆಪ್ಟೆಂಬರ್‌ನ ಮೊದಲ ಶನಿವಾರ) ಗುರಿಯಾಗಿದ್ದರೆ ಹಿಂದಿನ ಹತ್ತು ದಿನದಲ್ಲಿ ಎಸೆತಗಳ ಸಂಖ್ಯೆ ಅರ್ಧಕ್ಕಿಳಿಸಿ, ಎಸೆಯುವ ಬಲ ಇಳಿಸಬೇಡಿ. ಕೊನೆಯ ಭಾರದ ಸ್ಕ್ವಾಟ್ ಒಂಬತ್ತು ದಿನ ಮೊದಲು, 56 ಪೌಂಡಿನ ಕೊನೆಯ ಪೂರ್ತಿ ಎಸೆತ ಐದು ದಿನ ಮೊದಲು.

---

ಹ್ಯಾಮರ್‌ಪ್ರಿಯ

ಗೇಮ್ಸ್ ದಿನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಎರಡು ಎಸೆತಗಳ ನಡುವೆ ಹತ್ತು ನಿಮಿಷ, ಈವೆಂಟ್‌ಗಳ ನಡುವೆ ಅದಕ್ಕೂ ಹೆಚ್ಚು ಕಾಯಬೇಕಾಗಬಹುದು. ಸ್ಕಾಟ್ಲೆಂಡಿನ ಬೇಸಿಗೆಯಲ್ಲೂ ಮಳೆ, ಗಾಳಿ ಇದ್ದದ್ದೇ. ಕಿಲ್ಟ್ ಮೇಲೆ ಹಾಕಿಕೊಳ್ಳಲು ಬೆಚ್ಚನೆಯ ಅಂಗಿ, ಕೈ ಒರೆಸಲು ಎರಡು ಒಣ ಟವೆಲ್ ಇರಲಿ. ಹ್ಯಾಮರ್ ಮುಗಿದ ಕೂಡಲೇ ಅಂಗೈಯ ರಾಳವನ್ನು ಸ್ಪಿರಿಟ್ ಹಾಕಿ ಪೂರ್ತಿ ತೆಗೆದುಬಿಡಿ. ಅಂಟು ಉಳಿದ ಕೈಯಲ್ಲಿ ಸ್ಟೋನ್ ಹಿಡಿದರೆ ಅದು ಬೆರಳಿಗೆ ಕಚ್ಚಿಕೊಂಡು ತಡವಾಗಿ ಬಿಡುತ್ತದೆ, 56 ಪೌಂಡಿನ ಬಳೆ ಹಿಡಿದರೆ ಅಂಗೈ ಚರ್ಮ ಕಿತ್ತು ಬರುತ್ತದೆ. ಗಂಟುಗಟ್ಟಿದ ಚರ್ಮವನ್ನು ಎರಡು ದಿನ ಮೊದಲೇ ಉಜ್ಜಿ ಸಮ ಮಾಡಿಕೊಳ್ಳಿ. ಹಿಂದಿನ ರಾತ್ರಿ ಉಜ್ಜಿದರೆ ಅಂಗೈ ಬೆಳಗ್ಗೆ ಹಸಿಯಾಗೇ ಇರುತ್ತದೆ.